ಮೂಲಕ್ಕೆ ಮೊದಲ ಪಾಲು

ಪ್ರಾಗ್ ನಗರದ ವೂಬೆ ಸಾಫ್ಟ್‌ವೇರ್ ಸಂಸ್ಥೆಯವರು ರಚಿಸಿ, 2020ರ ಆಗಸ್ಟಿನಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ಫ್ಯಾಕ್ಟೋರಿಯೋ’ ಎಂಬ ಕಂಪ್ಯೂಟರ್ ಆಟದಲ್ಲಿ, ಅನ್ಯಗ್ರಹವೊಂದರ ಮೇಲೆ ಒಂಟಿಯಾಗಿ ಬಿದ್ದ ಯಂತ್ರಜ್ಞನು ಅದಿರನ್ನು ಅಗೆದು, ಲೋಹವನ್ನು ಕರಗಿಸಿ, ಕಾರ್ಖಾನೆಗಳನ್ನು ಒಂದಕ್ಕೊಂದು ಹೆಣೆಯುತ್ತ ಹೋಗುತ್ತಾನೆ. ಮೇಲುನೋಟಕ್ಕೆ ಇದು ಬಾಲಕರ ವಿನೋದದಂತೆ ತೋರಿದರೂ, ವಿದ್ಯುತ್ತಿನ ಬೇಡಿಕೆ ಪೂರೈಕೆಗಳ ವಿಷಯದಲ್ಲಿ ಅದು ಕಲಿಸುವ ಪಾಠ ಪ್ರೌಢರಿಗೂ ಮನನಯೋಗ್ಯವಾದುದು.

ಅಲ್ಲಿಯ ಲೆಕ್ಕ ನಿಷ್ಠುರವಾದುದು. 1.8 ಮೆಗಾವಾಟಿನ ಒಂದು ಬಾಯ್ಲರು ತಲಾ 900 ಕಿಲೋವಾಟಿನ ಎರಡು ಉಗಿಯಂತ್ರಗಳನ್ನು ನಡೆಸುತ್ತದೆ. ಅಗೆಯುವ ವಿದ್ಯುತ್ ಡ್ರಿಲ್ ಒಂದಕ್ಕೆ 90 ಕಿಲೋವಾಟ್ ಬೇಕು. ಆದುದರಿಂದ ಇಪ್ಪತ್ತು ಡ್ರಿಲ್ಲುಗಳಿಗೆ ಒಂದು ಬಾಯ್ಲರು ಸರಿಹೋಯಿತು. ಇಪ್ಪತ್ತೊಂದನೆಯದನ್ನು ಹೂಡಿದರೆ ಯಾವುದೂ ಥಟ್ಟನೆ ನಿಲ್ಲುವುದಿಲ್ಲ. ಎಲ್ಲವೂ ತುಸು ಮಂದವಾಗುತ್ತವೆ, ಅಷ್ಟೆ. ಕೊರತೆಯನ್ನು ಸಕಲರಿಗೂ ಒಂದೇ ಪ್ರಮಾಣದಲ್ಲಿ ಹಂಚುವುದು ಅಲ್ಲಿಯ ವಿದ್ಯುತ್ ಜಾಲದ ಧರ್ಮ.

ಇಷ್ಟು ನ್ಯಾಯವಾಗಿ ತೋರುವ ಈ ಸಮಪಾಲಿನಲ್ಲಿಯೇ ಸರ್ವನಾಶದ ಬೀಜ ಅಡಗಿದೆ. ಬಾಯ್ಲರಿಗೆ ಬೇಕಾದ ಕಲ್ಲಿದ್ದಲನ್ನು ಅಗೆಯುವ ಡ್ರಿಲ್ಲುಗಳೂ, ಅದನ್ನು ಎತ್ತಿ ಒಲೆಗೆ ಹಾಕುವ ಯಂತ್ರದ ತೋಳುಗಳೂ ಅದೇ ವಿದ್ಯುತ್ತನ್ನು ಉಂಡು ಬದುಕುವವಾದರೆ, ಕೊರತೆಯುಂಟಾದೊಡನೆ ಅವುಗಳ ಕೈ ನಿಧಾನವಾಗಿ, ಕಲ್ಲಿದ್ದಲು ಕಡಮೆಯಾಗಿ, ಉಗಿ ಕುಗ್ಗಿ, ವಿದ್ಯುತ್ತು ಮತ್ತಷ್ಟು ಇಳಿದು, ಆ ಇಳಿಕೆಯೇ ಮುಂದಿನ ಇಳಿಕೆಗೆ ಕಾರಣವಾಗುತ್ತ, ಕಟ್ಟಕಡೆಗೆ ಇಡೀ ಕಾರ್ಖಾನೆ ಕತ್ತಲಲ್ಲಿ ಮುಳುಗುತ್ತದೆ. ಅನುಭವಸ್ಥ ಆಟಗಾರರು ಆದಕಾರಣ ಬಾಯ್ಲರುಗಳ ಮುಂದೆ ಕಲ್ಲಿದ್ದಲಿನಿಂದಲೇ ನಡೆಯುವ ತೋಳುಗಳನ್ನು ನಿಲ್ಲಿಸುವುದುಂಟು. ವೇಗದಲ್ಲಿ ಅವು ಹಿಂದೆ. ಆದರೆ ಸಾಗುಪಟ್ಟಿಯಿಂದ ತಮಗೆ ಬೇಕಾದ ಇಂಧನವನ್ನು ತಾವೇ ತೆಗೆದುಕೊಂಡು, ಜಾಲ ಸೊರಗಿದಾಗಲೂ ಕೆಲಸ ಬಿಡವು. ಕ್ಷಾಮದಲ್ಲಿಯೂ ಬಿತ್ತನೆಯ ಬೀಜವನ್ನು ಮುಟ್ಟದ ರೈತನ ವಿವೇಕ ಇದು.

ನಿಜಲೋಕದ ಸ್ಥಿತಿಯೂ ಬೇರೆಯಲ್ಲ. ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲನ್ನು ಪುಡಿಮಾಡುವ ಗಿರಣಿ, ಬಾಯ್ಲರಿಗೆ ನೀರೂಡುವ ಪಂಪು, ಗಾಳಿಯೊದಗಿಸುವ ಫ್ಯಾನು ಇವೆಲ್ಲ ವಿದ್ಯುತ್ತನ್ನೇ ಅವಲಂಬಿಸಿವೆ. 2012ರ ಜುಲೈ 30ರಂದು ಉತ್ತರ ಭಾರತದ ಜಾಲವೂ, ಮರುದಿನ ಅದರೊಡನೆ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಕುಸಿದುವು. ಅಂಥ ಕತ್ತಲಿನಿಂದ ಮೇಲೇಳಲು ಶಾಖೋತ್ಪನ್ನ ಸ್ಥಾವರಕ್ಕೆ ನೆರೆಯ ಜಾಲದ ಕೈಯಾಸರೆ ಬೇಕು. ಇಲ್ಲವೆ ಅಲ್ಪ ಸಹಾಯದಿಂದಲೇ ತಿರುಗತೊಡಗುವ ಜಲವಿದ್ಯುತ್ ಯಂತ್ರ ಬೇಕು. ಬೇಡಿಕೆ ಮಿತಿಮೀರಿದಾಗ ಕೆಲವು ಪ್ರದೇಶಗಳ ಸರಬರಾಜನ್ನು ಕಡಿದು ಜಾಲವನ್ನು ಉಳಿಸುವ ಏರ್ಪಾಟಿನ ಹಿಂದೆಯೂ ಮೂಲವನ್ನು ಮೊದಲು ಕಾಯುವ ಇದೇ ತತ್ತ್ವವಿದೆ.

ಸಮಾನತೆ ಮಹತ್ತ್ವದ ಆದರ್ಶವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲರನ್ನೂ ಪೋಷಿಸುವ ಮೂಲವನ್ನೂ ಉಳಿದವರ ಸಾಲಿನಲ್ಲಿಯೇ ನಿಲ್ಲಿಸಿ ಅದರ ಪಾಲನ್ನು ಕತ್ತರಿಸುವ ಸಮಾನತೆ, ನಾಳೆ ಯಾರಿಗೂ ಪಾಲಿಲ್ಲದಂತೆ ಮಾಡುತ್ತದೆ. ಬೊಕ್ಕಸ ಬರಿದಾದಾಗ ಸಕಲ ಬಾಬುಗಳಲ್ಲಿಯೂ ಸಮನಾಗಿ ವೆಚ್ಚ ಕಡಿದು, ಅಧ್ಯಾಪಕರ ಶಿಕ್ಷಣವನ್ನೂ ಕೆರೆಕಾಲುವೆಗಳ ದುರಸ್ತಿಯನ್ನೂ ಆಡಂಬರದೊಡನೆ ಒಂದೇ ತಕ್ಕಡಿಯಲ್ಲಿಡುವ ಆಡಳಿತ ಈ ಪ್ರಮಾದವನ್ನೇ ಮಾಡುತ್ತದೆ. ಯಾವುದಕ್ಕೆ ಮೊದಲ ಪಾಲು ಸಲ್ಲಬೇಕೆಂಬುದನ್ನು ಕೊರತೆ ಬಂದಮೇಲೆ ಚರ್ಚಿಸುವುದಕ್ಕೆ ಅವಕಾಶವಿರದು. ಅದನ್ನು ಸಮೃದ್ಧಿಯ ದಿನಗಳಲ್ಲಿಯೇ ನಿಶ್ಚಯಿಸಿಡತಕ್ಕದ್ದು.