ಕಾರು ಕುಣಿದರೆ ಟೈರಿನ ಮೇಲೆ ಕೈಯಾಡಿಸಿ ನೋಡಿ

ಹರಿಹರಕ್ಕೆ ಹೋಗಿಬಂದ ದಿನ ನಮ್ಮ ಮನೆಯ ಅಜ್ಜಿ ಸೊಂಟ ಹಿಡಿದುಕೊಂಡು ಕೂರುವುದು ಈ ವರ್ಷ ರೂಢಿಯೇ ಆಗಿಬಿಟ್ಟಿತ್ತು. ದಾವಣಗೆರೆಯಿಂದ ಹರಿಹರಕ್ಕೆ ಇರುವುದೇ 14 ಕಿಲೋಮೀಟರ್ ಆಸುಪಾಸು. ಹರಿಹರೇಶ್ವರನ ದರ್ಶನ ಮಾಡಿ, ತುಂಗಭದ್ರೆಯನ್ನು ಒಮ್ಮೆ ನೋಡಿ, ಕತ್ತಲಾಗುವುದರೊಳಗೆ ಸರಸ್ವತಿ ನಗರದ ಮನೆ ಸೇರುವ ದಾರಿ ಅದು. "ವಯಸ್ಸಾಯ್ತಲ್ಲ, ಇನ್ನು ಹೀಗೇ" ಎಂದೆ ನಾನು. "ವಯಸ್ಸಾಗಿದ್ದು ನನಗಲ್ಲ, ನಿಮ್ಮ ಕಾರಿಗೆ ನೋಡ್ರಿ" ಎಂದಳು ಅವಳು.

ಆರನೇ ಕ್ಲಾಸಿನ ಮೊಮ್ಮಗಳು ಹಿಂದಿನ ಸೀಟಿನಿಂದ ಸಾಕ್ಷಿ ಹೇಳಿದಳು. "ಹೌದು ಅಜ್ಜ, ಹಂಪ್ ದಾಟಿದ ಮೇಲೂ ಕಾರು ಮೂರು ಸಲ ಕುಣೀತು. ನಾನು ಎಣಿಸಿದೀನಿ."

ಆ ಎಣಿಕೆಯನ್ನು ನಾನು ಅಂದೇ ಕಿವಿಗೆ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ. ಎರಡು ವಾರದ ನಂತರ ಪಿ.ಬಿ. ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದ ಹುಡುಗನೊಬ್ಬ ಸರಕ್ಕನೆ ಅಡ್ಡ ಬಂದ. ಬ್ರೇಕ್ ಒತ್ತಿದೆ. ಕಾರಿನ ಮೂತಿ ನೆಲಕ್ಕೆ ಕುಸಿಯಿತು, ಹಿಂಭಾಗ ಮೇಲೆದ್ದಿತು. ಅಲ್ಲೇ ರಸ್ತೆ ಸ್ವಲ್ಪ ಏರುಪೇರಾಗಿತ್ತು. ಅದರ ಮೇಲೆ ಚಕ್ರ ಟಪಟಪ ಕುಪ್ಪಳಿಸಿ, ನಾನು ಅಂದುಕೊಂಡ ಜಾಗಕ್ಕಿಂತ ಮುಂದೆ ಹೋಗಿ ನಿಂತಿತು. ಹುಡುಗನಿಗೆ ಏನೂ ಆಗಲಿಲ್ಲ, ತಿರುಗಿಯೂ ನೋಡದೆ ಹೋದ. ನನ್ನ ಕೈ ಮಾತ್ರ ಮನೆ ಸೇರುವವರೆಗೂ ನಡುಗುತ್ತಿತ್ತು.

ಈ ವಾರ ಬರೆಯುತ್ತಿರುವುದು ಆ ಕುಣಿತದ ಬಗ್ಗೆ, ಅದನ್ನು ತಡೆಯುವ ಶಾಕ್ ಅಬ್ಸಾರ್ಬರ್ ಬಗ್ಗೆ. ಗ್ಯಾರೇಜಿನಲ್ಲಿ ಅದು 'ಶಾಕಪ್ಸರ್', ಇನ್ನೂ ಚಿಕ್ಕದಾಗಿ 'ಶಾಕ್ಸ್'.

ಮಕ್ಕಳೇ, ಹೆಸರು ಕೇಳಿ ಮೋಸಹೋಗಬೇಡಿ. ಗುಂಡಿಯ ಹೊಡೆತವನ್ನು ಮೊದಲು ನುಂಗುವುದು ಟೈರು ಮತ್ತು ಸ್ಪ್ರಿಂಗ್. ಕಾರಿನ ಭಾರವನ್ನು ಹೊರುವುದೂ ಸ್ಪ್ರಿಂಗೇ. ಆದರೆ ಸ್ಪ್ರಿಂಗಿಗೆ ಒಂದು ಕೆಟ್ಟ ಚಾಳಿ ಇದೆ: ನುಂಗಿದ್ದನ್ನು ಇಟ್ಟುಕೊಳ್ಳುವುದಿಲ್ಲ, ವಾಪಸ್ ಕೊಡುತ್ತದೆ. ಕುಗ್ಗಿದ್ದು ಹಿಗ್ಗುತ್ತದೆ, ಹಿಗ್ಗಿದ್ದು ಮತ್ತೆ ಕುಗ್ಗುತ್ತದೆ. ಬಿಟ್ಟರೆ ಹೀಗೇ ಕುಣಿಯುತ್ತಿರುತ್ತದೆ. ಅದನ್ನು ಸುಮ್ಮನಾಗಿಸುವುದು ಶಾಕಪ್ಸರಿನ ಕೆಲಸ.

ಇದನ್ನು ಮನೆಯಲ್ಲೇ ನೋಡಬಹುದು. ಎರಡು ಮೂರು ರಬ್ಬರ್ ಬ್ಯಾಂಡ್ ಪೋಣಿಸಿ ತುದಿಗೆ ಒಂದು ಕಲ್ಲು ಕಟ್ಟಿ. ಸ್ವಲ್ಪ ಕೆಳಗೆಳೆದು ಬಿಡಿ. ಎಷ್ಟು ಸಲ ಏಳುಬೀಳುತ್ತದೆ, ಎಣಿಸಿ. ಈಗ ಅದೇ ಕಲ್ಲು ಬಕೆಟ್ಟಿನ ನೀರಿನೊಳಗೆ ತೂಗುವಂತೆ ಹಿಡಿದು ಮತ್ತೆ ಎಳೆದು ಬಿಡಿ. ಬೇಗನೆ ತೆಪ್ಪಗಾಗುತ್ತದೆ. ರಬ್ಬರ್ ಅದೇ, ಕಲ್ಲು ಅದೇ; ನೀರು ಅದರ ಓಟವನ್ನು ತಡೆಯಿತು, ಅಷ್ಟೇ.

ಶಾಕಪ್ಸರಿನಲ್ಲಿ ನೀರಿನ ಬದಲು ಎಣ್ಣೆ. ಉಕ್ಕಿನ ಕೊಳವೆ, ಅದರ ತುಂಬ ಎಣ್ಣೆ, ಎಣ್ಣೆಯೊಳಗೆ ಒಂದು ಪಿಸ್ಟನ್. ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು, ಅವಕ್ಕೆ ಕವಾಟಗಳು. ಚಕ್ರ ಏಳುಬೀಳುವಾಗ ಎಣ್ಣೆ ಈ ತೂತುಗಳಲ್ಲಿ ನುಸುಳಿ ಆ ಕಡೆಗೆ ಹೋಗಬೇಕು. ಸೂಜಿ ತೆಗೆದ ಹೊಸ ಸಿರಿಂಜಿನಲ್ಲಿ ನೀರು ತುಂಬಿ ಒತ್ತಿ ನೋಡಿ. ಮೆಲ್ಲಗೆ ಒತ್ತಿದರೆ ಸಲೀಸು; ಜೋರಾಗಿ ಒತ್ತಿದರೆ ಹೆಬ್ಬೆರಳು ನೋಯುತ್ತದೆ. ಶಾಕಪ್ಸರಿನ ಗುಟ್ಟು ಇದೇ. ನೀವು ಎಷ್ಟು ಅವಸರ ಮಾಡುತ್ತೀರೋ ಅದು ಅಷ್ಟು ಹಟ ಮಾಡುತ್ತದೆ. ಹೀಗೆ ತಡೆದ ಕುಣಿತವೆಲ್ಲ ಶಾಖವಾಗಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಕೊಳವೆಯಿಂದ ಗಾಳಿಗೆ ಹೋಗುತ್ತದೆ.

ವರ್ಷಗಳು ಕಳೆದಂತೆ ಸೀಲ್ ಸವೆದು ಎಣ್ಣೆ ಹೊರಬರುತ್ತದೆ, ಕವಾಟಗಳು ಸಡಿಲಾಗುತ್ತವೆ. ಇದು ಒಂದು ದಿನ ಪಟ್ಟನೆ ಆಗುವುದಲ್ಲ. ದಿನಾ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ, ಅವನು ಕುಣಿತಕ್ಕೆ ಒಗ್ಗಿಹೋಗಿರುತ್ತಾನೆ. ಅದಕ್ಕೇ ಹಿಂದಿನ ಸೀಟಿನವರ ದೂರು ಬಹಳ ಮುಖ್ಯ.

ಕುಣಿದರೆ ಕುಣಿಯಲಿ ಬಿಡಿ, ದಿಂಬು ಇಟ್ಟುಕೊಂಡು ಕೂತರಾಯಿತು ಎನ್ನುವವರಿದ್ದಾರೆ. ನಾನೂ ಅವರಲ್ಲೊಬ್ಬನಾಗಿದ್ದೆ. ಆದರೆ ಕುಣಿಯುವುದು ಕಾರಿನ ಮೈ ಮಾತ್ರವಲ್ಲ. ಮೈ ಸೆಕೆಂಡಿಗೆ ಒಂದು, ಒಂದೂವರೆ ಸಲ ಏಳುಬೀಳುತ್ತದೆ. ಚಕ್ರವಾದರೆ ಸೆಕೆಂಡಿಗೆ ಹತ್ತು ಹದಿನೈದು ಸಲ ಕುಪ್ಪಳಿಸಬಲ್ಲದು. ಕುಪ್ಪಳಿಸುವ ಟೈರು ನೆಲವನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ. ಹಿಡಿಯದ ಟೈರಿಗೆ ಬ್ರೇಕ್ ಹಾಕಿ ಪ್ರಯೋಜನವೇನು? ಲೆಕ್ಕ ಮಾಡಿ: ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಹೋಗುತ್ತದೆ. ಟೈರು ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ನೆಲ ಬಿಟ್ಟರೂ ಅಷ್ಟರಲ್ಲಿ ಒಂದೂವರೆ ಮೀಟರಿಗಿಂತ ಹೆಚ್ಚು ದೂರ ಸರಿದಿರುತ್ತದೆ. ಸೈಕಲ್ಲಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ.

ಮರುದಿನ ಬೆಳಿಗ್ಗೆಯೇ ಕಾರನ್ನು ಪರಿಚಯದ ಮೆಕ್ಯಾನಿಕ್ ಹತ್ತಿರ ಒಯ್ದೆ. ಮೊಮ್ಮಗಳೂ ಬಂದಳು, ಭಾನುವಾರವಾಗಿತ್ತು. ಆತ ಮೊದಲು ಬಾನೆಟ್ ಎತ್ತಲಿಲ್ಲ. ಮುಂದಿನ ಟೈರಿನ ಮೇಲೆ ಅಂಗೈ ಸವರಿ, ಅವಳಿಗೆ "ನೀನೂ ನೋಡವ್ವ" ಎಂದ. ಅವಳ ಕೈಗೆ ತಗ್ಗು-ದಿಣ್ಣೆ ಸಿಕ್ಕಿತು. ರಬ್ಬರನ್ನು ಅಲ್ಲಲ್ಲಿ ಚಮಚದಿಂದ ತೋಡಿದ ಹಾಗೆ. ಹಾರಿ ಹಾರಿ ಇಳಿಯುವ ಟೈರು ನೆಲ ಸಿಕ್ಕಲ್ಲಿ ಉಜ್ಜಿ ಸವೆಯುತ್ತದೆ. ಆರು ತಿಂಗಳ ಹಿಂದೆ ಹೀಗೇ ಸವೆದ ಎರಡು ಟೈರು ಎಸೆದು ಹೊಸದು ಹಾಕಿಸಿದ್ದೆ, ಟೈರು ಮಾಡಿದವರನ್ನು ಮನಸಾರೆ ಬೈದೂ ಇದ್ದೆ. ರೋಗ ಒಂದು, ಔಷಧಿ ಇನ್ನೊಂದಕ್ಕೆ ಕೊಟ್ಟಿದ್ದೆ!

ಆಮೇಲೆ ಮೂಲೆ ಮೂಲೆಯನ್ನು ತನ್ನ ಭಾರ ಹಾಕಿ ಒತ್ತಿ ಬಿಟ್ಟ. ಒತ್ತಿ ಬಿಟ್ಟ ಮೇಲೆ ಕಾರು ಒಮ್ಮೆ ಎದ್ದು ತನ್ನ ಜಾಗಕ್ಕೆ ಬಂದು ನಿಲ್ಲಬೇಕು. ಹಿಂದಿನ ಎರಡು ಮೂಲೆ ಹಾಗೇ ನಿಂತವು. ಮುಂದಿನ ಎಡಗಡೆ ಮಾತ್ರ ಎದ್ದು, ಇಳಿದು, ಮತ್ತೆ ಎದ್ದಿತು. ಮುಂದಿನ ಬಲಗಡೆ ಸರಿಯಾಗಿಯೇ ನಿಂತ ಹಾಗೆ ಕಂಡಿತು. "ಇದು ಚೆನ್ನಾಗಿದೆಯಲ್ಲ?" ಎಂದೆ. "ಕೈಯಿಂದ ಒತ್ತೋದಕ್ಕೂ ರೋಡ್ ಮ್ಯಾಲೆ ಓಡೋದಕ್ಕೂ ಭಾಳ ವ್ಯತ್ಯಾಸ ಐತ್ರಿ ಸರ್. ಈ ಪರೀಕ್ಷೆಯೊಳಗೆ ಫೇಲ್ ಆದ್ರೆ ಹೋಗಿದ್ದು ಖರೇ. ಪಾಸಾದ್ರೆ ಚಲೋ ಐತಿ ಅಂತ ಹೇಳಾಕ ಬರಲ್ಲ" ಎಂದ. ಈ ಮಾತನ್ನು ಬರೆದಿಟ್ಟುಕೊಳ್ಳಿ. ಒತ್ತಿ ನೋಡಿ ತೀರ್ಪು ಕೊಡುವವರು ಬಹಳ ಜನ ಸಿಗುತ್ತಾರೆ.

ಜಾಕಿ ಹಾಕಿ ಚಕ್ರ ಬಿಚ್ಚಿದ. ಶಾಕಪ್ಸರಿನ ಮೇಲೆ ತೆಳುವಾಗಿ ಧೂಳು ಅಂಟಿದ ಎಣ್ಣೆಯ ಪಸೆ ಇದ್ದರೆ ಅದು ಬೆವರಿದ ಹಾಗೆ, ಅಷ್ಟಕ್ಕೇ ಬದಲಿಸಬೇಕಿಲ್ಲ. ನಮ್ಮ ಎಡಗಡೆಯದರಲ್ಲಿ ಮಾತ್ರ ಎಣ್ಣೆ ಹರಿದು ಕೆಳಗಿನವರೆಗೂ ಕಪ್ಪಗೆ ಮೆತ್ತಿತ್ತು. ಬಲಗಡೆಯದು ಒಣಗಿತ್ತು. ಆದರೆ ಮೇಲಿನ ರಬ್ಬರ್ ಮೌಂಟ್ ಸೀಳಿ, ಧೂಳು ತಡೆಯುವ ಬೆಲ್ಲೋಸ್ ಹರಿದಿತ್ತು. ಹಂಪ್ ಮೇಲೆ ಕೇಳುತ್ತಿದ್ದ 'ಟಕ್ ಟಕ್' ಆ ಮೌಂಟಿನದು. ಇಲ್ಲೊಂದು ಎಚ್ಚರಿಕೆ: ಸದ್ದು ಬಂದ ಮಾತ್ರಕ್ಕೆ ಶಾಕಪ್ಸರೇ ಹೋಗಿದೆ ಎನ್ನಬಾರದು. ಲಿಂಕ್ ರಾಡ್, ಲೋವರ್ ಆರ್ಮಿನ ಬುಷ್, ಮೌಂಟ್ ಇವೆಲ್ಲವೂ ಹೀಗೇ ಬಡಿಯುತ್ತವೆ. ಒಂದೊಂದನ್ನೂ ಅಲ್ಲಾಡಿಸಿ ನೋಡದೆ ಪಟ್ಟಿ ಬರೆದುಕೊಡುವ ಗ್ಯಾರೇಜಿನಿಂದ ಕಾರು ವಾಪಸ್ ತರುವುದೇ ಲೇಸು.

ಸೋರುತ್ತಿರುವುದು ಒಂದು, ಒಂದನ್ನೇ ಹಾಕಿದರೆ ಸಾಲದೇ? ಜೇಬು ಕೇಳಿದ ಪ್ರಶ್ನೆ. ಒಂದು ಕಾಲಿಗೆ ಹೊಸ ಬೂಟು, ಇನ್ನೊಂದಕ್ಕೆ ಸವೆದ ಚಪ್ಪಲಿ ಹಾಕಿ ಓಡಿದ ಹಾಗಾಗುತ್ತದೆ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಎರಡು ಬದಿ ಎರಡು ಥರ ನಡೆದುಕೊಳ್ಳುತ್ತವೆ. ಆದ್ದರಿಂದ ಮುಂದಿನದಾದರೆ ಮುಂದಿನ ಎರಡು, ಹಿಂದಿನದಾದರೆ ಹಿಂದಿನ ಎರಡು, ಜೋಡಿಯಾಗಿಯೇ ಬದಲಿಸುವುದು. ಹಾಗೆಂದು ನಾಲ್ಕನ್ನೂ ಬದಲಿಸಲೇಬೇಕು ಎಂದಿಲ್ಲ. ನಮ್ಮ ಹಿಂದಿನವು ಗಟ್ಟಿಯಾಗಿದ್ದವು, ಅಲ್ಲಿನ ಟೈರುಗಳೂ ಸಮವಾಗಿ ಸವೆದಿದ್ದವು, ಉಳಿಸಿಕೊಂಡೆವು.

ಬಿಡಿಭಾಗದ ಅಂಗಡಿಯಲ್ಲಿ ಮೂರು ಥರ ತೋರಿಸಿದರು. ಒಂದು, ಕಾರಿನ ಕಂಪನಿಯ ಡಬ್ಬಿಯಲ್ಲಿ ಬರುವುದು. ಎರಡು, ಶಾಕಪ್ಸರ್ ತಯಾರಿಸುವ ಕಂಪನಿಗಳೇ ತಮ್ಮ ಹೆಸರಿನಲ್ಲಿ ಮಾರುವುದು. ಗೇಬ್ರಿಯಲ್, ಮನ್ರೋ ಇಂಥ ಹೆಸರುಗಳನ್ನು ನೀವು ಗ್ಯಾರೇಜಿನ ಬೋರ್ಡುಗಳ ಮೇಲೆ ಓದಿರುತ್ತೀರಿ. ಮೂರನೆಯದು ಬಹಳ ಅಗ್ಗ, ಕರ್ರಗೆ ಮಿರಮಿರ ಮಿಂಚುತ್ತಿತ್ತು, ಡಬ್ಬಿಯಿರಲಿಲ್ಲ. ಹಳೆಯದಕ್ಕೆ ಎಣ್ಣೆ ತುಂಬಿ, ಬಣ್ಣ ಬಳಿದದ್ದು. ಆಸೆ ಆಯಿತು, ಸುಳ್ಳು ಹೇಳುವುದಿಲ್ಲ. ಒಳಗಿನ ಕವಾಟ ಎಷ್ಟು ಸವೆದಿದೆ ಎಂದು ಬಣ್ಣ ಹೇಳುವುದಿಲ್ಲವಲ್ಲ ಎಂದು ಕೈ ಬಿಟ್ಟೆ. ಎರಡನೆಯದನ್ನು ಬಿಲ್ ಸಮೇತ ತಂದೆ. ಮುಂದಿನವು ಎಡಕ್ಕೆ ಬೇರೆ, ಬಲಕ್ಕೆ ಬೇರೆ ಇರುವುದುಂಟು. ಕೆಲವು ಮಾದರಿಗಳಲ್ಲಿ ಪೆಟ್ರೋಲಿಗೂ ಡೀಸೆಲ್‌ಗೂ ಬೇರೆ. ಆರ್.ಸಿ. ಜೊತೆಗಿಟ್ಟುಕೊಂಡು ಪಾರ್ಟ್ ನಂಬರ್ ಹೊಂದಿಸಿಯೇ ಕೊಳ್ಳಬೇಕು. ಜೊತೆಗೆ ಮೌಂಟ್, ಬೆಲ್ಲೋಸ್, ಬಂಪ್ ಸ್ಟಾಪ್ ಹೊಸದು. ಇವಕ್ಕಾಗಿ ಮತ್ತೊಮ್ಮೆ ಎಲ್ಲ ಬಿಚ್ಚಿಸಿದರೆ ಕೂಲಿ ಎರಡೆರಡು ಸಲ.

"ಗ್ಯಾಸಿಂದು ಕೊಡ್ಲಾ, ಎಣ್ಣೆದು ಕೊಡ್ಲಾ?" ಎಂದೂ ಕೇಳಿದರು. ಗ್ಯಾಸಿನದರಲ್ಲಿ ಎಣ್ಣೆ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ಇದೆ. ಎಣ್ಣೆಯ ಜೊತೆಗೆ ಸ್ವಲ್ಪ ನೈಟ್ರೋಜನ್ ಒತ್ತಿ ತುಂಬಿರುತ್ತಾರೆ. ಕೆಟ್ಟ ರಸ್ತೆಯಲ್ಲಿ ಪಿಸ್ಟನ್ ಬಿಡುವಿಲ್ಲದೆ ಆಡಿದಾಗ ಎಣ್ಣೆ ಕಾಫಿಯಂತೆ ನೊರೆಯೇಳುತ್ತದೆ; ನೊರೆ ತೂತಿನಲ್ಲಿ ಸಲೀಸಾಗಿ ನುಸುಳುವುದರಿಂದ ತಡೆಯುವ ಶಕ್ತಿ ಹೋಗುತ್ತದೆ. ಗ್ಯಾಸಿನ ಒತ್ತಡ ಆ ನೊರೆಯನ್ನು ತಡೆಯುತ್ತದೆ. ನಮ್ಮ ಕಾರಿಗೆ ಮೊದಲಿದ್ದದ್ದೂ ಗ್ಯಾಸಿನದೇ, ಅದನ್ನೇ ತಂದೆವು. ರೇಸಿನವರು ಹಾಕುವ ಬಿರುಸಾದದ್ದು ಅಜ್ಜಿಯ ಸೊಂಟಕ್ಕೆ ಬೇಡ.

ಈಗಿನ ಹೆಚ್ಚಿನ ಸೆಡಾನ್‌ಗಳ ಮುಂಭಾಗದಲ್ಲಿ ಶಾಕಪ್ಸರಿನ ಸುತ್ತಲೇ ಸ್ಪ್ರಿಂಗ್ ಸುತ್ತಿಕೊಂಡಿರುತ್ತದೆ. ಇದಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂದು ಹೆಸರು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ್ದು. 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಬಂದು ಹೆಸರಾಯಿತು. ಅದನ್ನು ಬಿಚ್ಚುವಾಗ ಮೊಮ್ಮಗಳನ್ನು ಮೆಕ್ಯಾನಿಕ್ ಹೊರಗಿನ ಕಟ್ಟೆಗೆ ಕಳುಹಿಸಿದ, ನನ್ನನ್ನೂ. ಸ್ಪ್ರಿಂಗನ್ನು ಕಂಪ್ರೆಸರಿನಿಂದ ಬಿಗಿದು ಕುಗ್ಗಿಸಿದ ಮೇಲೇ ಮೇಲಿನ ನಟ್ಟು ಬಿಚ್ಚಬೇಕು. ಬಿಗಿಯದೆ ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಜೀವಕ್ಕೇ ಸಂಚಕಾರ. ಮನೆಯಲ್ಲಿ ಪಾನಾ ಸೆಟ್ ಇದೆ ಎಂದು ಯಾವ ಅಜ್ಜನೂ ಈ ಕೆಲಸಕ್ಕೆ ಕೈ ಹಾಕಬಾರದು.

ಕಟ್ಟೆಯಿಂದಲೇ ಒಂದು ಸಂಗತಿ ನೋಡಿ ಖುಷಿಯಾಯಿತು. ಹೊಸದನ್ನು ಹಿಡಿಯುವಾಗ ಆತ ಕನ್ನಡಿಯಂತೆ ಹೊಳೆಯುವ ರಾಡಿಗೆ ಕಟಿಂಗ್ ಪ್ಲೇಯರ್ ತಾಗಿಸಲೇ ಇಲ್ಲ. ಆ ರಾಡು ಸೀಲಿನೊಳಗೆ ದಿನವಿಡೀ ಜಾರುತ್ತಿರುತ್ತದೆ. ಕೂದಲಿನಷ್ಟು ಗೀರು ಬಿದ್ದರೂ ಸೀಲನ್ನು ಕತ್ತರಿಸಿ ಎಣ್ಣೆ ಸೋರಿಸುತ್ತದೆ. ನುಣುಪಿನ ಬೆಲೆ ಹರಿಹರದ ಹಿರಿಯರಿಗೆ ಹೇಳಿಕೊಡಬೇಕಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಂದಲೇ ಹೆಸರು ಮಾಡಿದ ಊರು ಅದು. ಅಲ್ಲಿ ದುಡಿದ ಅಜ್ಜ ನಿಮ್ಮ ಮನೆಯಲ್ಲಿದ್ದರೆ ಕೂದಲೆಳೆಯ ಅಳತೆಯ ಬಗ್ಗೆ ಕೇಳಿ, ಸಂಜೆ ಕಳೆಯುವುದೇ ತಿಳಿಯುವುದಿಲ್ಲ.

ಹಳೆಯ ಎಡಗಡೆಯದನ್ನು ಮೊಮ್ಮಗಳ ಕೈಗೆ ಕೊಟ್ಟರು. ನೆಲಕ್ಕೆ ಊರಿ ಒತ್ತಿದಳು. ಸಿರಿಂಜಿನಲ್ಲಿ ಗಾಳಿ ಮಾತ್ರ ಇದ್ದ ಹಾಗೆ ರಾಡು ಸುಮ್ಮನೆ ಒಳಗೆ ಹೋಯಿತು, ಮೇಲೆ ಬರಲೂ ಇಲ್ಲ. ಹೊಸದನ್ನು ಹಾಗೇ ಒತ್ತಿದರೆ ಅವಳ ಪೂರ್ತಿ ಭಾರ ಬೇಕಾಯಿತು, ಬಿಟ್ಟಾಗ ತಾನಾಗಿ ಮೆಲ್ಲನೆ ಮೇಲೆದ್ದಿತು. ಕೂಡಿಸುವ ಮುಂಚೆ ಹೀಗೆ ನಿಲ್ಲಿಸಿಕೊಂಡು ನಾಲ್ಕೈದು ಸಲ ಒತ್ತಿ ಬಿಡುವುದೂ ಕ್ರಮವೇ. ಮಲಗಿಸಿಟ್ಟಾಗ ಒಳಗೆ ಸೇರಿದ ಗುಳ್ಳೆ ಸರಿಯಾಗಿ ಮೇಲೆ ಹೋಗಲಿ ಎಂದು.

ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ಚಕ್ರದ ಕೋನ ತುಸು ಆಚೀಚೆಯಾಗುತ್ತದೆ, ಅಲೈನ್‌ಮೆಂಟ್ ಮಾಡಿಸಿಯೇ ಮನೆಗೆ ಬಂದೆವು. ಖರ್ಚು ಕೂಡಿಸಿ ನೋಡಿದರೆ, ಆರು ತಿಂಗಳ ಹಿಂದೆ ಸುಮ್ಮನೆ ಎಸೆದ ಎರಡು ಟೈರಿನ ನೆನಪಾಯಿತು. ಹೊಸ ಟೈರುಗಳ ತಗ್ಗು-ದಿಣ್ಣೆ ಹಾಗೇ ಇದೆ, ಅದರ ಗುಂಯ್ ಸದ್ದು ಇನ್ನೂ ಕೇಳುತ್ತದೆ. ಹೋದ ರಬ್ಬರ್ ವಾಪಸ್ ಬರುವುದಿಲ್ಲ.

ಮುಂದಿನ ಸೋಮವಾರ ಮತ್ತೆ ಹರಿಹರ. ಅದೇ ಹಂಪ್. ಮೊಮ್ಮಗಳು ಎಣಿಸಲು ಬೆರಳು ಮಡಿಸಿಕೊಂಡು ಕೂತಿದ್ದಳು. ಒಂದೇ ಬೆರಳು ಬಿಚ್ಚಿದಳು. ಅಜ್ಜಿ ಏನೂ ಹೇಳಲಿಲ್ಲ, ಮಂಡಕ್ಕಿ ಪೊಟ್ಟಣ ಬಿಚ್ಚಿ ತಿನ್ನತೊಡಗಿದಳು.

ಈ ವಾರದ ಪ್ರಶ್ನೆ: ಎತ್ತಿನ ಗಾಡಿಗೆ ಸ್ಪ್ರಿಂಗೂ ಇಲ್ಲ, ಶಾಕಪ್ಸರೂ ಇಲ್ಲ. ಆದರೂ ನಿಮ್ಮ ಅಜ್ಜ, ಅಜ್ಜಿ ಅದರಲ್ಲಿ ಜಾತ್ರೆಗೆ ಹೋಗಿಬರುತ್ತಿದ್ದರು. ಗಾಡಿಯ ಹಾಸಿಗೆಗೆ ಏನು ಹಾಕುತ್ತಿದ್ದರು, ಯಾಕೆ? ಅವರನ್ನೇ ಕೇಳಿ ಬರೆದು ಕಳುಹಿಸಿ.