ಉಂಗುರ ಬೇಡ ಅಂದ ಬಿಲ್ ರಸೆಲ್

ಯಾರಾದ್ರೂ "ಆಟದಲ್ಲಿ ಜಾತಿ ತರಬೇಡಿ" ಅಂದಾಗೆಲ್ಲ ನನಗೆ ಬಿಲ್ ರಸೆಲ್ ನೆನಪಾಗ್ತಾನೆ. ಬ್ಯಾಸ್ಕೆಟ್‌ಬಾಲ್ ಅಂದ್ರೆ ನಮ್ಮ ಹುಡುಗರಿಗೆ ಮೈಕೆಲ್ ಜೋರ್ಡನ್ ಗೊತ್ತು, ಅವನ ಹೆಸರಿನ ಶೂ ಇನ್ನೂ ಚೆನ್ನಾಗಿ ಗೊತ್ತು. ರಸೆಲ್ ಗೊತ್ತಿಲ್ಲ.

1934ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಹುಟ್ಟಿದ ಕಪ್ಪು ಹುಡುಗ. ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ 13 ಸೀಸನ್ ಆಡಿ 11 ಸಲ ಚಾಂಪಿಯನ್ ಆದ. ಕೊನೆಯ ಎರಡು ಗೆದ್ದಾಗ ಕೋಚ್ ಕೂಡ ಅವನೇ, ಎನ್‌ಬಿಎಯ ಮೊದಲ ಕಪ್ಪು ಕೋಚ್. ಅವನ ಹೆಚ್ಚುಗಾರಿಕೆ ಇದ್ದದ್ದು ತಡೆಯೋದರಲ್ಲಿ. ಎದುರಾಳಿ ಎಸೆದ ಚೆಂಡನ್ನು ಜನರ ಮಧ್ಯೆ ಬಡಿದು ಚಪ್ಪಾಳೆ ಗಿಟ್ಟಿಸೋ ಬದಲು, ಮೆಲ್ಲಗೆ ತಟ್ಟಿ ತನ್ನ ತಂಡದವರ ಕೈಗೆ ಬೀಳೋ ಹಾಗೆ ಮಾಡ್ತಿದ್ದ.

ಇಂಥವನು ಬಾಸ್ಟನ್ ಹತ್ತಿರದ ರೆಡಿಂಗ್ ಅನ್ನೋ ಊರಲ್ಲಿ ಮನೆ ಮಾಡಿದ್ದ. ಊರವರು 'ಬಿಲ್ ರಸೆಲ್ ದಿನ' ಆಚರಿಸಿದ್ರು. ಅದೇ ಊರಿನ ಇನ್ನೊಂದು ಬಡಾವಣೆಗೆ ಹೋಗ್ತೀನಿ ಅಂದಾಗ ಅಲ್ಲಿಯವರು ಬೇಡ ಅಂತ ಸಹಿ ಸಂಗ್ರಹಿಸಿದ್ರು! ಒಮ್ಮೆ ಮನೆಗೆ ನುಗ್ಗಿ, ಗೋಡೆ ಮೇಲೆ ಬೈಗುಳ ಬರೆದು, ಟ್ರೋಫಿಗಳನ್ನ ಒಡೆದು, ಹಾಸಿಗೆ ಮೇಲೆ ಹೇತು ಹೋದ್ರು. ಮಗಳು ಕ್ಯಾರೆನ್ 1987ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದನ್ನ ಬರೆದಿದ್ದಾಳೆ. ಬಾಡಿಗೆ ಮನೆ ಕೇಳೋಕೆ ಹೋಗಿ "ನೀವು ಯಾವ ಜನ?" ಅನ್ನಿಸಿಕೊಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಒಂದು ಪ್ರದರ್ಶನ ಪಂದ್ಯ. ತಂಗಿದ್ದ ಹೋಟೆಲಿನ ಕಾಫಿ ಶಾಪ್‌ನಲ್ಲಿ ಸೆಲ್ಟಿಕ್ಸ್‌ನ ಇಬ್ಬರು ಕಪ್ಪು ಆಟಗಾರರಿಗೆ ತಿನ್ನೋಕೆ ಕೊಡಲಿಲ್ಲ. ರಸೆಲ್ ಮತ್ತು ತಂಡದ ಉಳಿದ ಕಪ್ಪು ಆಟಗಾರರು ಆಡಲ್ಲ ಅಂತ ಊರು ಬಿಟ್ಟರು. ಬಿಳಿಯರು ಆಡಿ ಮುಗಿಸಿದ್ರು. ಧಾರವಾಡದಲ್ಲಿ ಹುಟ್ಟಿದ ನಮ್ಮ ಪಾಲ್ವಣಕರ್ ಬಾಳೂಗೆ ಪೂನಾದಲ್ಲಿ ಪೆವಿಲಿಯನ್ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡ್ತಿದ್ದ ಕತೆ ಗೊತ್ತಿದ್ದವರಿಗೆ ಈ ಕಾಫಿ ಶಾಪ್ ಹೊಸದಲ್ಲ. 

ನಾನು ಇಷ್ಟೆಲ್ಲ ಬರೆದದ್ದು ಸನ್ಮಾನದ ವಿಷಯಕ್ಕೆ. 1972ರಲ್ಲಿ ಅವನ 6ನೇ ನಂಬರಿನ ಜೆರ್ಸಿಯನ್ನ ಗೌರವಿಸಿ ಮೇಲೆ ಕಟ್ಟೋವಾಗ ಪ್ರೇಕ್ಷಕರು ಬರೋ ಮುಂಚೆ, ಜೊತೆಗಾರರ ಎದುರು ಮಾತ್ರ ಆಗಲಿ ಅಂದ. 1975ರಲ್ಲಿ ಹಾಲ್ ಆಫ್ ಫೇಮ್‌ಗೆ ಆರಿಸಿದ್ರು. ಆ ಗೌರವ ಸಿಕ್ಕ ಮೊದಲ ಕಪ್ಪು ಆಟಗಾರ. ರಸೆಲ್ ಸಮಾರಂಭಕ್ಕೆ ಹೋಗಲಿಲ್ಲ, ಉಂಗುರ ಮುಟ್ಟಲಿಲ್ಲ. ನನಗಿಂತ ಮೊದಲು ಬೇರೆಯವರಿಗೆ ಸಿಗಬೇಕಿತ್ತು ಅನ್ನೋದು ಅವನ ನಿಲುವು.

ಇದನ್ನ ಅಹಂಕಾರ ಅನ್ನೋರು ಆಗಲೂ ಇದ್ರು. ನಮ್ಮಲ್ಲಿ 'ಮೊದಲ ದಲಿತ' ಅಂತ ಕರೆದ ಕೂಡಲೇ ಹೋಗಿ ಶಾಲು ಹೊದೆಸಿಕೊಳ್ಳೋರನ್ನ ನಾನು ಬೈಯಲ್ಲ. ತಲೆಮಾರುಗಳಿಂದ ಯಾರೂ ಕರೆದಿರಲಿಲ್ಲ, ಪಾಪ. ನನ್ನ ತಕರಾರು ಶಾಲು ಹೊದಿಸೋರ ಲೆಕ್ಕಾಚಾರದ್ದು. ಒಬ್ಬರನ್ನ ವೇದಿಕೆಗೆ ಹತ್ತಿಸ್ತಾರೆ, ಅವರಿಗಿಂತ ಮುಂಚೆ ಬಾಗಿಲು ಬಡಿದು ಕೈ ಸೋತವರ ಹೆಸರನ್ನೇ ಎತ್ತಲ್ಲ. ರಸೆಲ್ ಆ ಹೆಸರುಗಳನ್ನ ಕೇಳ್ತಾ ಕೂತ.

ಅದರಲ್ಲೊಂದು ಹೆಸರು ಚಕ್ ಕೂಪರ್. 1950ರಲ್ಲಿ ಎನ್‌ಬಿಎ ತಂಡವೊಂದು ಡ್ರಾಫ್ಟ್‌ನಲ್ಲಿ ಆರಿಸಿದ ಮೊದಲ ಕಪ್ಪು ಆಟಗಾರ, ಅದೇ ಸೆಲ್ಟಿಕ್ಸ್‌ನವನು. 1984ರಲ್ಲೇ ತೀರಿಕೊಂಡ. ಹಾಲ್ ಆಫ್ ಫೇಮ್‌ಗೆ ಅವನ ನೆನಪು ಬಂದದ್ದು 2019ರಲ್ಲಿ. ಆ ವರ್ಷವೇ ರಸೆಲ್, 85ರ ವಯಸ್ಸಲ್ಲಿ, ಕೆಲವೇ ಜನರ ಎದುರು ತನ್ನ ಉಂಗುರ ತಗೊಂಡ.