ಮುದುಕರ ಹಾಡು, ಮಕ್ಕಳ ಹಟ

‘ಅರವತ್ತು ವರ್ಸದ ಮುದುಕ್ರು ಕುಣಿಯೋದ ನೋಡಕ್ಕೆ ಬೆಂಗ್ಳೂರ್ಗಂಟ ಹೋಗ್ಬೇಕೇನ್ಲಾ?’

ಮಳವಳ್ಳಿ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ವರ್ಷ 2003. ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುವ ಮಗ ಯುಗಾದಿಗೆ ಊರಿಗೆ ಬಂದಿದ್ದಾನೆ. ಏಪ್ರಿಲ್ 4ರ ಶುಕ್ರವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ‘ರೋಲಿಂಗ್ ಸ್ಟೋನ್ಸ್’ ತಂಡದ ರಾಕ್ ಸಂಗೀತ. ಭಾರತದಲ್ಲಿ ಆ ತಂಡದ ಮೊದಲ ಕಾರ್ಯಕ್ರಮ. ಮಗನಿಗೆ ಹೋಗುವ ಆಸೆ. ಅಪ್ಪನಿಗೆ ಟಿಕೆಟ್ಟಿನ ದುಡ್ಡು, ರಾತ್ರಿ ಪಯಣ, ಪರೀಕ್ಷೆಗಳ ಚಿಂತೆ.

‘ನೀಲಗಾರ್ರು ರಾತ್ರಿಯೆಲ್ಲ ಮಂಟೇಸ್ವಾಮಿ ಕತೆ ಹಾಡ್ತಾರಲ್ಲ, ಅವರ ವಯಸ್ಸು ಕೇಳ್ತೀಯೇನಪ್ಪಾ?’ ಎಂದು ಮಗ ತಿರುಗಿ ಕೇಳಿದರೆ ಅಪ್ಪನ ಬಳಿ ಉತ್ತರ ಇರಲಿಕ್ಕಿಲ್ಲ. ಮಂಟೇಸ್ವಾಮಿ ಮಠವಿರುವ ಬೊಪ್ಪೇಗೌಡನಪುರ ಅದೇ ತಾಲ್ಲೂಕಿನದು. ತಂಬೂರಿ ಹಿಡಿದ ಹಿರಿಯನ ದನಿಗೆ ನರೆಗೂದಲು ಅಡ್ಡಿಯೆಂದು ಅಲ್ಲಿ ಯಾರೂ ಹೇಳುವುದಿಲ್ಲ.

ಆದರೆ ಅಪ್ಪನ ಭಯವೂ ಪೊಳ್ಳಲ್ಲ. ತಂಡದ ಹಾಡುಗಾರ ಮಿಕ್ ಜಾಗರ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದುತ್ತಿದ್ದವರು. ಹಾಡಿಗಾಗಿ ಓದನ್ನು ಅರ್ಧಕ್ಕೇ ಬಿಟ್ಟರು. ಹಾಗೆ ಬಿಟ್ಟವರಲ್ಲಿ ಗೆದ್ದವರ ಹೆಸರಷ್ಟೇ ನಮಗೆ ಗೊತ್ತು. ಸೋತವರ ಲೆಕ್ಕ ಇಟ್ಟವರಿಲ್ಲ. ಓದುವ ಮಕ್ಕಳು ಇದನ್ನು ಮರೆಯಬಾರದು.

ಹೆತ್ತವರು ಮರೆಯಬಾರದ ಸಂಗತಿಯೂ ಒಂದಿದೆ. ಈ ತಂಡ ಹುಟ್ಟಿದ್ದು 1962ರಲ್ಲಿ, ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಆರಂಭವಾದ ವರ್ಷವೂ ಅದೇ. ನಲವತ್ತು ವರ್ಷ ಹಿಡಿದ ಕೆಲಸ ಬಿಡದೆ ಬೆಂಗಳೂರಿಗೆ ಬಂದಾಗ ಜಾಗರ್‌ಗೂ ಗಿಟಾರ್ ನುಡಿಸುವ ಕೀತ್ ರಿಚರ್ಡ್ಸ್‌ಗೂ 59, ಡ್ರಮ್ಸ್‌ನ ಚಾರ್ಲಿ ವಾಟ್ಸ್‌ಗೆ 61. ಅಂದು ಮಳೆ ಸುರಿಯಿತು. ಜನ ತೊಯ್ದರು, ಹಾಡು ನಿಲ್ಲಲಿಲ್ಲ. ಆ ವಯಸ್ಸಿನಲ್ಲಿ ವೇದಿಕೆಯ ಉದ್ದಗಲಕ್ಕೂ ಓಡುತ್ತ ಹಾಡುವ ಕಸುವು ಪುಕ್ಕಟೆ ಬರುವುದಲ್ಲ. ಜಾಗರ್ ಅವರ ತಂದೆ ವ್ಯಾಯಾಮ ಶಿಕ್ಷಕರಾಗಿದ್ದರು. ಮಗ ಆ ಶಿಸ್ತನ್ನು ಕೈಬಿಡಲಿಲ್ಲ. ವಾಟ್ಸ್ 2021ರಲ್ಲಿ ತೀರಿಕೊಂಡ ಮೇಲೂ ಉಳಿದವರು 2023ರಲ್ಲಿ ಹೊಸ ಆಲ್ಬಮ್ ತಂದರು. ಆ ವರ್ಷ ಜಾಗರ್‌ಗೆ 80 ತುಂಬಿತ್ತು.

ಹಾಗಾದರೆ ಮಗನನ್ನು ಕಳಿಸಬೇಕೇ? ಕಳಿಸಬಹುದು, ಕರಾರಿನ ಮೇಲೆ. ಮಳವಳ್ಳಿಗೆ ರೈಲಿಲ್ಲ, ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಜೊತೆಗೆ ಯಾರು, ರಾತ್ರಿ ತಂಗುವುದೆಲ್ಲಿ ಎಂಬುದನ್ನು ಮೊದಲೇ ಹೇಳಿರಬೇಕು. ದೊಡ್ಡ ಸ್ಪೀಕರುಗಳ ಎದುರು ನಿಲ್ಲಬಾರದು; 100 ಡೆಸಿಬೆಲ್ ದಾಟಿದ ಸದ್ದು ಕಾಲು ಗಂಟೆಯಲ್ಲೇ ಕಿವಿಗೆ ಕೇಡು ಮಾಡಬಲ್ಲದು. ತಪ್ಪಿದ ಪಾಠವನ್ನು ಮರುದಿನವೇ ಓದಿ ಮುಗಿಸಬೇಕು.

ಇಷ್ಟು ಮಾತು ನಡೆಯಬೇಕಾದರೆ ಮಗ ಬಂದು ಕೇಳಬೇಕು, ಅಪ್ಪ ಕೂತು ಕೇಳಿಸಿಕೊಳ್ಳಬೇಕು. ಬಾಯಿ ಬಿಡುವ ಮೊದಲೇ ‘ಬೇಡ’ ಎಂದರೆ ಮುಂದಿನ ಸಲ ಅವನು ಕೇಳುವುದಿಲ್ಲ; ಹೇಳದೆ ಹೋಗುತ್ತಾನೆ.